ಹಡಗಿನ ಬಸ್ಸೋ, ನಮ್ಮದೇ ವ್ಯಾನೋ: ಉಷ್ಮಾಲ್‌ಗೆ ಹೋಗಿಬಂದ ಒಂದು ದಿನದ ಲೆಕ್ಕ

ಜೂನ್ ತಿಂಗಳ ಒಂದು ಗುರುವಾರ ನಾವು ಆರು ಜನ ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನಲ್ಲಿ ಕ್ರೂಸ್ ಹಡಗಿನಿಂದ ಇಳಿದೆವು. ಆಗ ಬೆಳಿಗ್ಗೆ ಎಂಟೂವರೆ. ಸಂಜೆ ನಾಲ್ಕೂವರೆ ಒಳಗೆ ವಾಪಸ್ ಹಡಗು ಹತ್ತಿರಬೇಕು. ನಡುವೆ ಸಿಗುವ ಎಂಟು ಗಂಟೆಯಲ್ಲಿ ಸುಮಾರು 115 ಕಿಲೋಮೀಟರ್ ದೂರದ ಉಷ್ಮಾಲ್‌ಗೆ ಹೋಗಿ, ಆ ಸೀಮೆಯ ಮೂಲನಿವಾಸಿಗಳಾದ ಮಾಯಾ ಜನ ಹಿಂದೆ ಕಟ್ಟಿದ ಊರು ನೋಡಿಕೊಂಡು ಬರಬೇಕು. ಹಡಗಿನ ಕಂಪನಿಯ ಬಸ್ಸಿನಲ್ಲಿ ಹೋಗೋದಾ, ನಾವೇ ಗೊತ್ತು ಮಾಡಿದ ವ್ಯಾನಿನಲ್ಲಿ ಹೋಗೋದಾ ಅಂತ ಮನೆಯಲ್ಲಿ ಮೂರು ವಾರ ಮಾತಾಡಿದ್ದೆವು. ಆ ಮಾತುಕತೆಯನ್ನೂ ಆ ದಿನ ನಡೆದದ್ದನ್ನೂ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಟೆಕ್ಸಾಸ್‌ನಿಂದ ಹಡಗು ಹತ್ತುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನ್ನುವ ನಂಬಿಕೆ ನನಗಿದೆ.

ಯಾರು, ಎಲ್ಲಿಗೆ

ನಾವಿರುವುದು ಹ್ಯೂಸ್ಟನ್ ಹತ್ತಿರ. ಅಪ್ಪ ಹುಬ್ಬಳ್ಳಿಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಅಮ್ಮನಿಗೆ 68 ವರ್ಷ, ಮೊಣಕಾಲು ನೋವು. ನಾನು, ನನ್ನ ಗಂಡ, 12 ವರ್ಷದ ಮಗ, 8 ವರ್ಷದ ಮಗಳು. ಹಡಗು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು ಒಂದು ದಿನ ಕೊಸುಮೆಲ್ ದ್ವೀಪ, ಮರುದಿನ ಪ್ರೊಗ್ರೆಸೊ ಮುಟ್ಟಿ ವಾಪಸ್ ಬರುವಂಥದ್ದು. ಒಟ್ಟು ಐದು ರಾತ್ರಿ.

ಅಪ್ಪ ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಷ್ಟು ಸಲ ಸುತ್ತಿದ್ದಾರೋ ಲೆಕ್ಕವಿಲ್ಲ. ಕಲ್ಲಿನ ಕೆಲಸ ಅಂದರೆ ಅವರಿಗೆ ಪ್ರಾಣ. ಅದಕ್ಕೇ ಉಷ್ಮಾಲ್ ನೋಡಬೇಕು ಅಂದರು. ಮಗನಿಗೆ ಚಿಚೆನ್ ಇಟ್ಸಾ ಅನ್ನುವ ಇನ್ನೊಂದು ಹಳೇ ಮಾಯಾ ಊರು ಬೇಕಿತ್ತು. ಅಲ್ಲಿನ ದೊಡ್ಡ ಪಿರಮಿಡ್ಡಿನ ನಾಲ್ಕು ಕಡೆ 91 ಮೆಟ್ಟಿಲು, ಮೇಲೆ ಇನ್ನೊಂದು, ಒಟ್ಟು 365 ಅಂತ ಶಾಲೆಯಲ್ಲಿ ಓದಿಕೊಂಡು ಬಂದಿದ್ದ. ಅಮ್ಮ ಮಾತ್ರ, "ನನ್ನ ಸಲುವಾಗಿ ನೀವ್ಯಾಕ ನಿಲ್ಲತೀರಿ, ನಾ ಹಡಗಿನಾಗ ಕೂತಿರತೀನಿ" ಅನ್ನುತ್ತಿದ್ದರು. ಅದು ಯಾರಿಗೂ ಒಪ್ಪಿಗೆ ಇರಲಿಲ್ಲ.

ಪ್ರೊಗ್ರೆಸೊದಿಂದ ಮೂರು ಕಡೆ ಹೋಗಬಹುದು. ಜ಼ಿಬಿಲ್ಚಾಲ್ತುನ್ ಅನ್ನುವ ಹಳೇ ಮಾಯಾ ಊರು ಅರ್ಧ ಗಂಟೆಯ ದಾರಿ. ಉಷ್ಮಾಲ್ ಒಂದೂಮುಕ್ಕಾಲು ಗಂಟೆ. ಚಿಚೆನ್ ಇಟ್ಸಾಗೆ ಎರಡು ಗಂಟೆ ಅನ್ನುತ್ತಾರೆ, ದೊಡ್ಡ ಬಸ್ಸಿಗೆ ಇನ್ನೂ ಸ್ವಲ್ಪ ಜಾಸ್ತಿಯೇ.

ಹಡಗಿನ ಟಿಕೆಟ್ಟಿನಲ್ಲಿ ನಿಜವಾಗಿ ಏನು ಕೊಳ್ಳುತ್ತೇವೆ

ನಾನು ಮೊದಲು ಬರೀ ದುಡ್ಡಿನ ಲೆಕ್ಕ ಹಾಕಿದೆ. ಉಷ್ಮಾಲ್‌ಗೆ ಹಡಗಿನ ಬಸ್ಸಿನಲ್ಲಿ ಆರು ಜನಕ್ಕೆ 740 ಡಾಲರ್ ಆಗುತ್ತಿತ್ತು. ನಾವೇ ಮಾಡಿಕೊಂಡರೆ ವ್ಯಾನಿಗೆ 340. ಅದಕ್ಕೆ ಗೈಡ್, ಪ್ರವೇಶದ ಚೀಟಿ, ಊಟ, ಟಿಪ್ಸ್ ಸೇರಿಸಿದರೆ 600ರ ಮೇಲೆ ಹೋಯಿತು. ಉಳಿಯುವುದು ನೂರು ಚಿಲ್ಲರೆ ಡಾಲರ್. ಆರು ಜನಕ್ಕೆ ಹಂಚಿದರೆ ತಲೆಗೆ ಇಪ್ಪತ್ತು. ಇಷ್ಟಕ್ಕಾಗಿ ತಲೆಬಿಸಿ ಮಾಡಿಕೊಳ್ಳಬೇಕಿರಲಿಲ್ಲ.

ಹಡಗಿನವರ ಹತ್ತಿರ ಟೂರ್ ತೆಗೆದುಕೊಂಡರೆ ಸಿಗುವ ದೊಡ್ಡ ಲಾಭ ಬೇರೆಯೇ ಇದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದೇ ಹೋದರೆ ನಮ್ಮನ್ನು ಮುಂದಿನ ಬಂದರಿಗೆ ಸೇರಿಸುವ ಹೊಣೆ ಅವರದು. ಗಾಳಿ ಜೋರಾಗಿ ಹಡಗು ಬಂದರಿಗೆ ಹೋಗದಿದ್ದರೆ ದುಡ್ಡು ತಾನಾಗಿಯೇ ವಾಪಸ್ ಬರುತ್ತದೆ. ಚಳಿಗಾಲದಲ್ಲಿ ಆ ಕಡೆ 'ನೋರ್ತೆ' ಅಂತ ಉತ್ತರದ ಗಾಳಿ ಬೀಸುತ್ತದೆ. ಆಗ ಬಂದರು ತಪ್ಪುವುದು ಹೊಸದೇನಲ್ಲ.

ನಾವೇ ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಅಷ್ಟೇ ಆಗಿದ್ದರೆ ಮುಂದಿನ ಬಂದರಿನಲ್ಲಿ ಹಿಡಿಯಬಹುದಿತ್ತು. ಆದರೆ ನಮ್ಮ ಹಡಗಿಗೆ ಪ್ರೊಗ್ರೆಸೊನೇ ಕೊನೆಯ ಬಂದರು. ತಪ್ಪಿದರೆ ಮೆರಿದಾ ವಿಮಾನ ನಿಲ್ದಾಣಕ್ಕೆ ಹೋಗಿ, ನಿಂತ ಕಾಲಲ್ಲಿ ಆರು ಟಿಕೆಟ್ ಕೊಂಡು ಹ್ಯೂಸ್ಟನ್‌ಗೆ ಹಾರಬೇಕು. ಅಪ್ಪ ಅಮ್ಮನ ಹತ್ತಿರ ಇರುವುದು ಭಾರತದ ಪಾಸ್‌ಪೋರ್ಟ್, ಅದರಲ್ಲಿ ಅಮೆರಿಕದ ವಿಸಿಟರ್ ವೀಸಾ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಅದು ಸರಿ. ಆದರೆ ಆ ಪುಸ್ತಕ ಕೈಯಲ್ಲಿಲ್ಲದೆ ವಿಮಾನ ಹತ್ತಲು ಆಗುವುದಿಲ್ಲ ಅಲ್ವಾ? ಯಾರಾದರೂ ಬಾರದೇ ಹೋದರೆ ಹಡಗಿನವರು ಕೋಣೆಯಲ್ಲಿ ಪಾಸ್‌ಪೋರ್ಟ್ ಹುಡುಕಿ ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗುವ ರೂಢಿ ಇದೆ. ಅದನ್ನು ನಂಬಿಕೊಂಡು ಹೋಗಲು ನನಗೆ ಧೈರ್ಯ ಬರಲಿಲ್ಲ. ಎಲ್ಲರ ಪಾಸ್‌ಪೋರ್ಟನ್ನೂ ನೀರು ಹೋಗದ ಚೀಲದಲ್ಲಿ ಹಾಕಿ ನನ್ನ ಹತ್ತಿರವೇ ಇಟ್ಟುಕೊಂಡೆ.

ಇಷ್ಟೆಲ್ಲ ಗೊತ್ತಿದ್ದೂ ಬಸ್ಸು ಯಾಕೆ ಬೇಡವೆನಿಸಿತು ಅಂದರೆ ಅಮ್ಮನಿಗಾಗಿ. ದೊಡ್ಡ ಬಸ್ಸಿನಲ್ಲಿ ನಲವತ್ತೈವತ್ತು ಜನ. ಎಲ್ಲರೂ ಇಳಿಯುವವರೆಗೆ, ಎಲ್ಲರೂ ಹತ್ತುವವರೆಗೆ ಕಾಯಬೇಕು. ದಾರಿಯಲ್ಲಿ ಸಾಮಾನಿನ ಅಂಗಡಿಯ ಮುಂದೆ ಒಂದು ನಿಲುಗಡೆ. ಗೈಡ್ ಧ್ವಜ ಎತ್ತಿಕೊಂಡು ಮುಂದೆ ಹೋದರೆ ಹಿಂದೆ ನಡೆಯಲೇಬೇಕು. ಅಮ್ಮನಿಗೆ ಹತ್ತು ನಿಮಿಷ ನಡೆದರೆ ಐದು ನಿಮಿಷ ಕೂರಬೇಕು. ನಲವತ್ತು ಜನ ತನಗಾಗಿ ಕಾಯುತ್ತಿದ್ದಾರೆ ಅನ್ನಿಸಿದರೆ ನೋವು ನುಂಗಿಕೊಂಡು ನಡೆಯುವ ಸ್ವಭಾವ ಅವರದು. ನನಗೆ ಅದೇ ಭಯ.

ಕೊಸುಮೆಲ್ ಬೇಗ ತೀರ್ಮಾನವಾಯಿತು

ಕೊಸುಮೆಲ್‌ನಿಂದ ಹೆಚ್ಚಿನವರು ತುಲುಮ್ ನೋಡಲು ಹೊರಡುತ್ತಾರೆ. ಸಮುದ್ರದ ದಂಡೆಯ ಮೇಲೆ ನಿಂತ ಮಾಯಾ ಕೋಟೆ, ಚಿತ್ರದಲ್ಲಿ ನೋಡಿದರೇ ಆಸೆಯಾಗುತ್ತದೆ. ಆದರೆ ಕೊಸುಮೆಲ್ ದ್ವೀಪ, ತುಲುಮ್ ಇರುವುದು ಆಚೆ ದಡದಲ್ಲಿ. ಮುಕ್ಕಾಲು ಗಂಟೆ ಫೆರಿಯಲ್ಲಿ ಪ್ಲಾಯಾ ಡೆಲ್ ಕಾರ್ಮೆನ್‌ಗೆ ಹೋಗಿ, ಅಲ್ಲಿಂದ ಮತ್ತೆ 65 ಕಿಲೋಮೀಟರ್. ಅಲೆ ಜೋರಾದರೆ ಫೆರಿ ತಡ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ನಾವು ಒಂದು ದಡದಲ್ಲಿ, ಹಡಗು ಇನ್ನೊಂದು ದಡದಲ್ಲಿ. ನಡುವೆ ಸಮುದ್ರ ಇದ್ದಾಗ ಸ್ವಂತ ಸಾಹಸ ಬೇಡ ಅಂತ ಅಪ್ಪ ಒಂದೇ ಮಾತಿನಲ್ಲಿ ಹೇಳಿದರು. ತುಲುಮ್ ಬೇಕೇ ಬೇಕು ಅಂದಿದ್ದರೆ ನಾನು ಹಡಗಿನ ಟೂರನ್ನೇ ತೆಗೆದುಕೊಳ್ಳುತ್ತಿದ್ದೆ.

ನಾವು ದ್ವೀಪದಲ್ಲೇ ಇರುವ ಸಾನ್ ಹೆರ್ವಾಸಿಯೊಗೆ ಟ್ಯಾಕ್ಸಿಯಲ್ಲಿ ಹೋಗಿಬಂದೆವು. ಅಲ್ಲಿ ಎತ್ತರದ ಪಿರಮಿಡ್ ಇಲ್ಲ. ಸಣ್ಣ ಗುಡಿಗಳು, ಕಾಡಿನ ನಡುವೆ ಬಿಳಿಗಲ್ಲಿನ ಹಳೇ ದಾರಿ. ಒಂದು ಕಟ್ಟಡದ ಗೋಡೆಯ ಮೇಲೆ ಕೆಂಪು ಬಣ್ಣದ ಪುಟ್ಟ ಅಂಗೈ ಗುರುತುಗಳು. ಹೆರಿಗೆಯನ್ನು ಕಾಯುವ ದೇವತೆ ಇಶ್ಚೆಲ್‌ಗೆ ನಡೆದುಕೊಳ್ಳಲು ಮಾಯಾ ಹೆಂಗಸರು ಆಚೆ ದಡದಿಂದ ದೋಣಿ ಹತ್ತಿ ಇಲ್ಲಿಗೆ ಬರುತ್ತಿದ್ದರಂತೆ. ಅಮ್ಮ ಅಲ್ಲಿ ಚಪ್ಪಲಿ ಬಿಚ್ಚಿ ಎರಡು ನಿಮಿಷ ಸುಮ್ನೆ ನಿಂತರು.

"ಇದು ಯಾರ ಗಡಿಯಾರ?"

ಪ್ರೊಗ್ರೆಸೊದ ವಿಷಯ ಇಷ್ಟು ಸುಲಭ ಇರಲಿಲ್ಲ. ವ್ಯಾನಿನವರು ಮೊದಲೇ ಸಂದೇಶ ಕಳಿಸಿದ್ದರು. ಬೆಳಿಗ್ಗೆ ಕರೆದುಕೊಂಡು ಹೋಗುತ್ತೇವೆ, ಉಷ್ಮಾಲ್ ತೋರಿಸುತ್ತೇವೆ, ಮುನಾ ಊರಿನಲ್ಲಿ ಊಟ, ಮಧ್ಯಾಹ್ನ 3.15ಕ್ಕೆ ವಾಪಸ್ ಪ್ರೊಗ್ರೆಸೊ. ಹಡಗಿನವರು ಕೊಟ್ಟಿದ್ದ ಸಮಯ: 4.30ರೊಳಗೆ ಎಲ್ಲರೂ ಹತ್ತಿರಬೇಕು, 5ಕ್ಕೆ ಹೊರಡುತ್ತದೆ. 3.15ರಿಂದ 4.30, ಒಂದೂಕಾಲು ಗಂಟೆ ಕೈಯಲ್ಲಿದೆ. ನನ್ನ ಗಂಡ "ಸಾಕು" ಅಂದರು. ನನಗೂ ಸಾಕು ಅನ್ನಿಸಿತು.

ಅಪ್ಪ ಊಟದ ಟೇಬಲ್ ಮೇಲೆ ಆ ಸಂದೇಶವನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು: "ಮೂರೂ ಕಾಲು ಅಂದ್ರ ಯಾರ ಗಡಿಯಾರದ ಪ್ರಕಾರ, ಮಗಳ?"

ಹಳೇ ಕಾಲದಲ್ಲಿ ನಮ್ಮಲ್ಲೂ ರೈಲಿಗೆ ಮದ್ರಾಸ್ ಟೈಮ್, ಮುಂಬೈ ಊರಿಗೆ ಅದರದೇ ಟೈಮ್ ಇತ್ತು. 1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಬಂದ ಮೇಲೂ ಮುಂಬೈ ಎಷ್ಟೋ ವರ್ಷ ಒಪ್ಪಲಿಲ್ಲ. ಈ ಕತೆಯನ್ನು ಅಪ್ಪ ತಮ್ಮ ಹಿರಿಯರ ಬಾಯಲ್ಲಿ ಕೇಳಿದ್ದರು. ರೈಲ್ವೆಯಲ್ಲಿದ್ದವರಿಗೆ ಆ ಪ್ರಶ್ನೆ ತಾನಾಗಿ ಬರುತ್ತದೋ ಏನೋ. ನನಗಂತೂ ಹೊಳೆದಿರಲಿಲ್ಲ.

ಕೂತು ಹುಡುಕಿದಾಗ ವಿಷಯ ಬಿಚ್ಚಿಕೊಂಡಿತು. ಬೇಸಿಗೆಯಲ್ಲಿ ಟೆಕ್ಸಾಸ್ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ನಮ್ಮ ಹಡಗು ಇಡೀ ಪ್ರಯಾಣ ಗ್ಯಾಲ್ವೆಸ್ಟನ್ ಸಮಯವನ್ನೇ ಇಟ್ಟುಕೊಳ್ಳುತ್ತದೆ. ಮೆಕ್ಸಿಕೋದ ಹೆಚ್ಚಿನ ಭಾಗದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ 2022ರಲ್ಲೇ ನಿಂತಿದೆ. ಕೊಸುಮೆಲ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ. ಆ ರಾಜ್ಯ 2015ರಿಂದ ವರ್ಷಪೂರ್ತಿ ಒಂದು ಗಂಟೆ ಮುಂದಿದೆ, ಹಾಗಾಗಿ ಜೂನ್‌ನಲ್ಲಿ ಅಲ್ಲಿನ ಸಮಯ ಟೆಕ್ಸಾಸ್ ಸಮಯ ಎರಡೂ ಒಂದೇ. ಪ್ರೊಗ್ರೆಸೊ ಇರುವುದು ಪಕ್ಕದ ಯುಕಟಾನ್ ರಾಜ್ಯದಲ್ಲಿ. ಅಲ್ಲಿ ಜೂನ್‌ನಲ್ಲಿ ಟೆಕ್ಸಾಸ್‌ಗಿಂತ ಒಂದು ಗಂಟೆ ಹಿಂದೆ.

ಅಂದರೆ ವ್ಯಾನಿನವರ 3.15 ಹಡಗಿನಲ್ಲಿ 4.15. ನಾವು ಒಂದೂಕಾಲು ಗಂಟೆ ಅಂದುಕೊಂಡದ್ದು ನಿಜವಾಗಿ ಹದಿನೈದು ನಿಮಿಷ! ಮೇಲಾಗಿ ಅಲ್ಲಿ ಸಮುದ್ರ ತೀರಾ ಆಳವಿಲ್ಲ. ದೊಡ್ಡ ಹಡಗು ದಡಕ್ಕೆ ಬರಲಾರದು. ಅದಕ್ಕೇ ಸಮುದ್ರದೊಳಕ್ಕೆ ಸೇತುವೆಯ ಹಾಗೆ ಆರೂವರೆ ಕಿಲೋಮೀಟರ್ ಉದ್ದದ ಜೆಟ್ಟಿ ಕಟ್ಟಿದ್ದಾರೆ. ಊರಿಂದ ಹಡಗಿನವರೆಗೆ ಶಟಲ್ ಬಸ್ಸಿನಲ್ಲೇ ಹೋಗಬೇಕು, ಅದಕ್ಕೂ ಸಾಲು. ಹದಿನೈದು ನಿಮಿಷ ಅದಕ್ಕೇ ಹೋಗುತ್ತಿತ್ತು.

ಇದರಲ್ಲಿ ವ್ಯಾನಿನವರ ತಪ್ಪು ಅನ್ನಲಾರೆ. ಅವರು ತಮ್ಮ ಊರಿನ ಸಮಯ ಬರೆದಿದ್ದರು. ಕೇಳಬೇಕಾಗಿದ್ದದ್ದು ನಾನು. ನಮ್ಮ ಹಡಗಿನ ಸಮಯ ತಿಳಿಸಿದ ಕೂಡಲೇ ಅವರು ಎಲ್ಲ ಸಮಯವನ್ನೂ ಇನ್ನೂ ಬೇಗಕ್ಕೆ ಬದಲಿಸಿದರು, ಹಡಗು ಬಾರದಿದ್ದರೆ ಮುಂಗಡ ವಾಪಸ್ ಅಂತಲೂ ಬರೆದು ಕೊಟ್ಟರು. ಎಲ್ಲ ಹಡಗೂ ನಮ್ಮದರ ಹಾಗೆ ಇರುವುದಿಲ್ಲ, ಕೆಲವು ಬಂದರಿಗೆ ತಕ್ಕಂತೆ ಗಡಿಯಾರ ಬದಲಿಸುತ್ತವೆ. ಚಳಿಗಾಲದಲ್ಲಿ ಹೋದರೆ ಲೆಕ್ಕ ತಿರುಗುಮುರುಗು: ಆಗ ಪ್ರೊಗ್ರೆಸೊ ಮತ್ತು ಟೆಕ್ಸಾಸ್ ಒಂದೇ, ಕೊಸುಮೆಲ್ ಒಂದು ಗಂಟೆ ಮುಂದೆ. ಕೊಸುಮೆಲ್‌ನವರು 9ಕ್ಕೆ ಬನ್ನಿ ಅಂದರೆ ಹಡಗಿನ ಗಡಿಯಾರದಲ್ಲಿ ಅದು 8.

ಅಪ್ಪ ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆದರು. ಹತ್ತಬೇಕಾದ್ದು ಊರಿನ ಸಮಯ 3.30ಕ್ಕೆ. ಅದಕ್ಕಿಂತ ಒಂದೂವರೆ ಗಂಟೆ ಮೊದಲು, 2 ಗಂಟೆಗೆ ಪ್ರೊಗ್ರೆಸೊ. ದಾರಿಗೆ ಒಂದೂಮುಕ್ಕಾಲು, ಹಾಗಾಗಿ ಉಷ್ಮಾಲ್ ಬಿಡುವುದು 12.15. ಬೆಳಿಗ್ಗೆ 7.30ಕ್ಕೆ (ಹಡಗಿನ 8.30) ಇಳಿದು 9.30ಕ್ಕೆ ಅಲ್ಲಿದ್ದರೆ ನೋಡಲು ಎರಡೂಮುಕ್ಕಾಲು ಗಂಟೆ ಸಿಗುತ್ತದೆ. ಊಟ ವ್ಯಾನಿನಲ್ಲೇ. ಚಿಚೆನ್ ಇಟ್ಸಾವನ್ನು ಇದೇ ರೀತಿ ಬರೆದು ನೋಡಿದೆವು. ಒಂದೂವರೆ ಗಂಟೆ ಉಳಿಸಿಕೊಂಡರೆ ನೋಡಲು ಸಮಯ ಸಾಲದು, ನೋಡಲು ಸಮಯ ಇಟ್ಟರೆ ಕೈಯಲ್ಲಿ ಏನೂ ಉಳಿಯದು. ಆ ದೂರಕ್ಕೆ ಹಡಗಿನ ಬಸ್ಸೇ ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ಮಗ ಬೇಜಾರು ಮಾಡಿಕೊಂಡ, ಆದರೆ ಹಾಳೆ ನೋಡಿ ಒಪ್ಪಿದ.

ಉಷ್ಮಾಲ್‌ನಲ್ಲಿ

ಯುಕಟಾನ್ ತಟ್ಟೆಯ ಹಾಗೆ ಚಪ್ಪಟೆ. ಮೆರಿದಾ ದಾಟಿ ಮುನಾದವರೆಗೆ ಒಂದು ಏರು ಸಿಗುವುದಿಲ್ಲ. ಮುನಾ ದಾಟಿದ ಮೇಲೆ ರಸ್ತೆ ಮೊದಲ ಸಲ ಗುಡ್ಡ ಹತ್ತುತ್ತದೆ. ಆ ಗುಡ್ಡಸಾಲಿಗೆ ಮಾಯಾ ಭಾಷೆಯಲ್ಲಿ 'ಪೂಕ್' ಅನ್ನುತ್ತಾರೆ, ಉಷ್ಮಾಲ್‌ನ ಕಟ್ಟಡದ ಶೈಲಿಗೂ ಅದೇ ಹೆಸರು.

ಬಾಗಿಲಲ್ಲಿ ಎರಡು ಚೀಟಿ ಕೊಳ್ಳಬೇಕು, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು. ಎರಡಕ್ಕೂ ಬೇರೆ ಬೇರೆ ಕಿಟಕಿ. ಗೊತ್ತಿಲ್ಲದವರು ಒಂದೇ ತೆಗೆದುಕೊಂಡು ಒಳಗೆ ಹೋಗಿ ವಾಪಸ್ ಬರುತ್ತಿದ್ದರು. ಹಡಗಿನ ಟೂರಿನಲ್ಲಾದರೆ ಈ ಗೋಜು ಇಲ್ಲ. ಕೊರಳಲ್ಲಿ ಸರ್ಕಾರದ ಗುರುತಿನ ಚೀಟಿ ಹಾಕಿಕೊಂಡ ಗೈಡ್‌ಗಳು ಅಲ್ಲೇ ಇರುತ್ತಾರೆ. ಇಂಗ್ಲಿಷ್ ಬಲ್ಲ ಒಬ್ಬ ಹಿರಿಯರನ್ನು ಗೊತ್ತು ಮಾಡಿದೆವು. ಅವರ ಮನೆಮಾತು ಯುಕಟಾನಿನ ಮಾಯಾ ಭಾಷೆ. ಇವತ್ತಿಗೂ ಏಳು ಲಕ್ಷಕ್ಕೂ ಜಾಸ್ತಿ ಜನ ಆಡುವ ಭಾಷೆ ಅದು. ಮಾಯಾ ಜನ ಕಾಣೆಯಾದರು ಅಂತ ಪುಸ್ತಕದಲ್ಲಿ ಓದಿದ್ದ ಮಗ ಅವರನ್ನೇ ನೋಡುತ್ತ ನಿಂತ. "ನಾವು ಎಲ್ಲಿಗೂ ಹೋಗಿಲ್ಲ" ಅಂತ ಅವರು ಅವನ ಹೆಗಲ ಮೇಲೆ ಕೈಯಿಟ್ಟರು.

ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಮಾಂತ್ರಿಕನ ಪಿರಮಿಡ್, ಸುಮಾರು 35 ಮೀಟರ್ ಎತ್ತರ. ಉಳಿದ ಪಿರಮಿಡ್ಡುಗಳ ಹಾಗೆ ಚೌಕ ಅಲ್ಲ, ಬುಡ ಉದ್ದುರುಂಟು. ಮೊಟ್ಟೆಯಿಂದ ಹುಟ್ಟಿದ ಕುಳ್ಳನೊಬ್ಬ ಒಂದೇ ರಾತ್ರಿಯಲ್ಲಿ ಕಟ್ಟಿದ ಅನ್ನುವ ಕತೆಯಿದೆ. ನಿಜವಾಗಿ ಐದು ಹಂತದಲ್ಲಿ, ಒಂದರ ಮೇಲೊಂದು ಕಟ್ಟಿದ್ದು. ಹತ್ತಲು ಬಿಡುವುದಿಲ್ಲ. ಮಗಳು ಅದರ ಮುಂದೆ ಚಪ್ಪಾಳೆ ತಟ್ಟಿದಾಗ ಹಕ್ಕಿ ಕೂಗಿದ ಹಾಗೆ ಪ್ರತಿಧ್ವನಿ ಬಂತು. ಹತ್ತು ಸಲ ತಟ್ಟಿದಳು. ತಡೆಯುವವರು ಯಾರೂ ಇರಲಿಲ್ಲ.

ಅದರ ಹಿಂದೆ ನಾಲ್ಕು ಕಡೆ ಕಟ್ಟಡವಿರುವ ದೊಡ್ಡ ಅಂಗಳ. ಸ್ಪೇನಿನವರು ಅದಕ್ಕೆ ಸನ್ಯಾಸಿನಿಯರ ಮಠ ಅಂತ ಹೆಸರಿಟ್ಟರು, ಆದರೆ ಅದಕ್ಕೂ ಮಠಕ್ಕೂ ಸಂಬಂಧವಿಲ್ಲ. ಗೋಡೆಯ ತುಂಬ ಸೊಂಡಿಲಿನ ಹಾಗೆ ಬಾಗಿದ ಮೂಗಿನ ಮುಖಗಳು. ಅದು ಚಾಕ್, ಮಳೆಯ ದೇವರು. ಅಪ್ಪ ಅಲ್ಲೇ ಕೇಳಿದರು: ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ? ಹೊಳೆ ಕಾಣಲಿಲ್ಲ, ಬಾವಿ ಕಾಣಲಿಲ್ಲ. ಗೈಡ್‌ಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಯುಕಟಾನಿನ ಬೇರೆ ಊರುಗಳಲ್ಲಿ ಸೆನೋಟೆ ಅನ್ನುವ ಸುಣ್ಣಕಲ್ಲಿನ ಹೊಂಡಗಳಿವೆ. ಇಲ್ಲಿ ಅದೂ ಇಲ್ಲ. ಹಾಗಾಗಿ ನೆಲದಡಿಯಲ್ಲಿ ಹೂಜಿಯ ಆಕಾರದ ತೊಟ್ಟಿ ಕೊರೆದು, ಒಳಗೆ ಗಾರೆ ಬಳಿದು, ಮಳೆನೀರು ಇಳಿಸುತ್ತಿದ್ದರು. ಅದಕ್ಕೆ 'ಚುಲ್ತುನ್' ಅನ್ನುತ್ತಾರೆ. ದಾರಿ ಬಿಟ್ಟು ಸ್ವಲ್ಪ ಆಚೆ ಕರೆದುಕೊಂಡು ಹೋಗಿ ಒಂದರ ಬಾಯಿ ತೋರಿಸಿದರು. ಮಳೆ ಬಾರದಿದ್ದರೆ ಇಡೀ ಊರೇ ಇಲ್ಲ, ಅದಕ್ಕೇ ಗೋಡೆ ತುಂಬ ಚಾಕ್. ಧಾರವಾಡ ಸೀಮೆಯಲ್ಲಿ ಮಳೆಗೆ ಮುಖ ಎತ್ತಿ ಕೂತ ಜನರನ್ನು ನೋಡಿ ಬೆಳೆದ ಅಪ್ಪ ಬಹಳ ಹೊತ್ತು ಆ ಬಾಯಿಯ ಹತ್ತಿರವೇ ನಿಂತರು. ಈ ಕಟ್ಟಡಗಳು ಎದ್ದದ್ದು ಸುಮಾರು 900ರ ಆಸುಪಾಸಿನಲ್ಲಿ. ನಮ್ಮಲ್ಲಿ ಆಗ ರಾಷ್ಟ್ರಕೂಟರು ಆಳುತ್ತಿದ್ದರು.

ಅಮ್ಮ ಆ ಅಂಗಳದ ನೆರಳಿನಲ್ಲಿ ನಲವತ್ತು ನಿಮಿಷ ಕೂತರು. ಪಕ್ಕದಲ್ಲಿ ಇಗುವಾನಾ ಅನ್ನುವ ಒಂದು ದೊಡ್ಡ ಹಲ್ಲಿ ಬಿಸಿಲು ಕಾಯುತ್ತಿತ್ತು. ಅಷ್ಟರಲ್ಲಿ ನಾವು ಮೂವರು ರಾಜ್ಯಪಾಲನ ಅರಮನೆಯ ಎತ್ತರದ ಜಗುಲಿ ಹತ್ತಿ ಬಂದೆವು. ನೂರು ಮೀಟರ್ ಉದ್ದದ ಗೋಡೆ, ಇಡೀ ಗೋಡೆಗೆ ಕಲ್ಲಿನ ಜೋಡಣೆ. ನನ್ನ ಗಂಡ ಮತ್ತು ಮಗಳು ಅಮ್ಮನ ಜೊತೆ ಉಳಿದರು. ಒಬ್ಬರಿಗೂ ಅವಸರ ಇರಲಿಲ್ಲ. ವ್ಯಾನಿಗೆ ಕೊಟ್ಟ ದುಡ್ಡು ನನಗೆ ಆ ನಲವತ್ತು ನಿಮಿಷದಲ್ಲೇ ಸಾರ್ಥಕವಾಯಿತು.

ವಾಪಸ್ ದಾರಿ

12.15ಕ್ಕೆ ಹೊರಟೆವು. ಬೆವರಿನಲ್ಲಿ ತೊಯ್ದಿದ್ದೆವು. ಊಟಕ್ಕೆ ಮುನಾದಲ್ಲಿ ಐದು ನಿಮಿಷ ನಿಲ್ಲಿಸಿ ಮೆಕ್ಕೆಜೋಳದ ಟೋರ್ಟಿಯಾ, ಬೆಣ್ಣೆಹಣ್ಣು, ನಿಂಬೆ ಕಟ್ಟಿಸಿಕೊಂಡೆವು. ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯ ಕೇಳಲೇಬೇಕು: ಕಪ್ಪು ಬೀನ್ಸಿಗೆ ಎಷ್ಟೋ ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. 'ಸಿನ್ ಮಾಂತೆಕಾ' ಅಂದರೆ ಕೊಬ್ಬು ಬೇಡ ಅಂತ. ಅಮ್ಮ ಟೋರ್ಟಿಯಾ ಮುರಿದು "ನಮ್ಮ ರೊಟ್ಟಿಯ ತಂಗಿ ಇದು" ಅಂದರು. ಹಬನೇರೋ ಮೆಣಸಿನ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು.

ಉಮಾನ್ ಹತ್ತಿರ ಮಳೆ ಸುರಿಯಿತು. ಮುಂದೆ ಒಂದು ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ನಲವತ್ತು ನಿಮಿಷ ನಾವು ಅಲುಗಾಡಲಿಲ್ಲ. ಚಾಲಕ ಏನೂ ಮಾಡುವ ಹಾಗಿರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಹಾಳೆ ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. ಪ್ರೊಗ್ರೆಸೊ ಮುಟ್ಟಿದಾಗ ಊರಿನ ಸಮಯ 2.40, ಹಡಗಿನ ಸಮಯ 3.40. ಶಟಲ್ ಸಾಲು ದಾಟಿ ಹಡಗು ಹತ್ತಿದಾಗ ಸರಿಯಾಗಿ 4. ಅರ್ಧ ಗಂಟೆ ಇನ್ನೂ ಕೈಯಲ್ಲಿತ್ತು.

ಮೊದಲಿನ ಯೋಜನೆಯಲ್ಲೇ ಹೋಗಿದ್ದರೆ, ಅದೇ ನಲವತ್ತು ನಿಮಿಷ ಸೇರಿ, ಪ್ರೊಗ್ರೆಸೊ ಮುಟ್ಟುವಾಗ ಹಡಗಿನಲ್ಲಿ 4.55 ಆಗಿರುತ್ತಿತ್ತು. ಜೆಟ್ಟಿಯ ಆರೂವರೆ ಕಿಲೋಮೀಟರ್ ಆಮೇಲೆ.

ನಾವು ಮೇಲಿನ ಡೆಕ್ಕಿನಿಂದ ನೋಡುತ್ತಿದ್ದಾಗ 4.50ಕ್ಕೆ ಎರಡು ದೊಡ್ಡ ಬಸ್ಸು ಜೆಟ್ಟಿಯ ಮೇಲೆ ಬಂದವು. ಚಿಚೆನ್ ಇಟ್ಸಾಗೆ ಹೋಗಿದ್ದ ಹಡಗಿನದೇ ಬಸ್ಸುಗಳು. ಒಬ್ಬರೂ ಓಡಲಿಲ್ಲ. ಆರಾಮಾಗಿ ನಡೆದು ಬಂದರು, ಹಡಗು ಕಾದಿತ್ತು. ಹಡಗಿನ ಟಿಕೆಟ್ಟಿಗೆ ಕೊಡುವ ಜಾಸ್ತಿ ದುಡ್ಡು ಏನಕ್ಕೆ ಅಂತ ಆಗ ಕಣ್ಣಾರೆ ಕಂಡೆ. ರಾತ್ರಿ ಊಟದಲ್ಲಿ ಆ ಬಸ್ಸಿನಲ್ಲಿ ಹೋಗಿದ್ದ ಒಬ್ಬರ ಜೊತೆ ಮಾತಾಡಿದೆ. ಪಿರಮಿಡ್ ಹತ್ತಿರ ಒಂದೂವರೆ ಗಂಟೆ ಸಿಕ್ಕಿತಂತೆ, ಉಳಿದದ್ದು ದಾರಿಯಲ್ಲೇ. ಆದರೂ ಅವರು ಖುಷಿಯಾಗಿದ್ದರು. ಅವರ ಜೊತೆ ಮೊಣಕಾಲು ನೋವಿನವರು ಯಾರೂ ಇರಲಿಲ್ಲ.

ನಮ್ಮ ಹಡಗು ಪಕ್ಕದ ದೇಶ ಬೆಲೀಜ಼್‌ಗೆ ಹೋಗಿದ್ದರೆ ನನ್ನ ತೀರ್ಮಾನ ಬೇರೆ ಇರುತ್ತಿತ್ತು. ಅಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತದೆ. ಕೊನೆಯ ದೋಣಿಯ ಸಮಯವೇ ನಿಜವಾದ ಗಡುವು. ಆಲ್ತುನ್ ಹಾ ಅಂಥ ಹತ್ತಿರದ ಮಾಯಾ ಊರಿಗೂ ಹಡಗಿನವರ ಜೊತೆಯೇ ಹೋಗುತ್ತಿದ್ದೆ. ಮೆಕ್ಸಿಕೋದ ಕೋಸ್ಟಾ ಮಾಯಾ ಬಂದರು ಆಗಿದ್ದರೆ, ಅಲ್ಲಿಂದ ಚಕ್ಚೋಬೆನ್ ಅನ್ನುವ ಮಾಯಾ ಊರಿಗೆ ನಮ್ಮದೇ ವ್ಯಾನ್ ಸಾಕು. ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ, ನಡುವೆ ನೀರಿಲ್ಲ, ದೊಡ್ಡ ಊರಿನ ಟ್ರಾಫಿಕ್ ಇಲ್ಲ.

ಮಗನ 365 ಮೆಟ್ಟಿಲು ಇನ್ನೂ ಬಾಕಿ ಇದೆ. ಅದಕ್ಕೆ ಹಡಗೇ ಬೇಡ ಅಂತ ಮನೆಯಲ್ಲಿ ಮಾತಾಗಿದೆ. ಹ್ಯೂಸ್ಟನ್‌ನಿಂದ ಮೆರಿದಾಗೆ ವಿಮಾನದಲ್ಲಿ ಹೋಗಿ ಎರಡು ರಾತ್ರಿ ಉಳಿಯುವುದು, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವಾಗಲೇ ಚಿಚೆನ್ ಇಟ್ಸಾ ಮುಂದೆ ನಿಂತಿರುವುದು. ಅಪ್ಪ ಮುಂದಿನ ವರ್ಷ ಬರುವುದಕ್ಕೆ ಈಗಲೇ ಒಪ್ಪಿದ್ದಾರೆ.